ಅಜಾಲನ ಮನೆಯಿಂದ ತಂದ ತಲೆ

ಈ ಲೋಕಕ್ಕೆ ಬರುವ ಮುನ್ನ ಪ್ರತಿಯೊಬ್ಬ ಮನುಷ್ಯನೂ ಒಬ್ಬ ಕುಂಬಾರನ ಮನೆಗೆ ಹೋಗಿ ತನ್ನ ತಲೆಯನ್ನು ತಾನೇ ಆರಿಸಿಕೊಂಡು ಬರುತ್ತಾನೆ ಎಂದು ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಪುರಾಣ ಹೇಳುತ್ತದೆ. ಆ ಕುಂಬಾರನ ಹೆಸರು ಅಜಾಲ. ಕೆಲಸ ಬಲ್ಲವನೇ ಆದರೂ ಅವನು ನೆಚ್ಚಿಕೊಳ್ಳಬಹುದಾದ ಮನುಷ್ಯನಲ್ಲ. ಕೊರಳ ತನಕ ಸಾಲ ಮಾಡಿಕೊಂಡಿದ್ದಾನೆ, ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ಅಟ್ಟ ಹತ್ತಿ ಅಡಗಿಕೊಳ್ಳುತ್ತಾನೆ, ಮಾಡಿಟ್ಟ ತಲೆಗಳಲ್ಲಿ ಕೆಲವನ್ನು ಚೆನ್ನಾಗಿ ಸುಡುತ್ತಾನೆ, ಕೆಲವನ್ನು ಅರೆಬೆಂದ ಹಾಗೆಯೇ ತೆಗೆದಿಡುತ್ತಾನೆ, ಇನ್ನು ಕೆಲವಕ್ಕೆ ಒಳಗೆ ಬಿರುಕು ಬಿಟ್ಟಿದ್ದರೂ ಹೊರಗಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ. ಬದುಕಿನಲ್ಲಿ ಯಾರಿಗೆ ಏನು ಸಿಗುತ್ತದೆ, ಯಾರಿಗೆ ಏಕೆ ಸಿಗುವುದಿಲ್ಲ ಎಂಬ ಮನುಕುಲದ ಹಳೆಯ ಪ್ರಶ್ನೆಯನ್ನು ಯೊರುಬಾ ಹಿರಿಯರು ತಂದು ನಿಲ್ಲಿಸಿದ್ದು ಈ ಸಾಲಗಾರ ಕುಂಬಾರನ ಉಗ್ರಾಣದಲ್ಲಿ. ಹಲವು ವರ್ಷಗಳಿಂದ ನನ್ನ ಮನಸ್ಸು ಬಿಟ್ಟೂಬಿಡದೆ ಆ ಉಗ್ರಾಣಕ್ಕೇ ಹೋಗುತ್ತಿರುವುದರಿಂದ, ಅಲ್ಲಿ ನನಗೆ ಕಂಡದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿದೆ.

ಆಫ್ರಿಕಾದ ಪುರಾಣ ಎಂದು ಒಂದೇ ಹೆಸರಿನಲ್ಲಿ ಕರೆದುಬಿಡುವುದು ಆ ಖಂಡಕ್ಕೆ ಮಾಡುವ ಅನ್ಯಾಯ. ಸಾವಿರಕ್ಕೂ ಮಿಕ್ಕಿ ಭಾಷೆಗಳಿರುವ ಆ ನೆಲದಲ್ಲಿ ಡೋಗೊನರ ಸೃಷ್ಟಿಕಥೆ ಬೇರೆ, ಅಕಾನರ ಅನಾನ್ಸಿ ಜೇಡನ ಕಥೆಗಳು ಬೇರೆ, ಜುಲು ಜನರ ಪಿತೃಲೋಕ ಬೇರೆ. ಹಾಗಾಗಿ ನಾನು ಅಷ್ಟಿಷ್ಟು ಓದಿಕೊಂಡಿರುವ ಯೊರುಬಾ ಪರಂಪರೆಯ ಎಲ್ಲೆಯಲ್ಲೇ ನಿಲ್ಲುತ್ತೇನೆ. ನೈಜೀರಿಯಾದ ನೈಋತ್ಯ ಭಾಗದಲ್ಲಿ, ನೆರೆಯ ಬೆನಿನ್ ಮತ್ತು ಟೋಗೊ ದೇಶಗಳಲ್ಲಿ ವಾಸಿಸುವ ಯೊರುಬಾ ಜನರ ಸಂಖ್ಯೆ ನಾಲ್ಕು ಕೋಟಿಗೂ ಹೆಚ್ಚು. ಇಂದು ಅವರಲ್ಲಿ ಬಹುಪಾಲು ಜನ ಕ್ರೈಸ್ತರು ಅಥವಾ ಮುಸ್ಲಿಮರು. ಆದರೂ ಇಫಾ ಎಂಬ, ಶಾಸ್ತ್ರ ಕೇಳುವ ಹಳೆಯ ಜ್ಞಾನಪದ್ಧತಿ ಅಲ್ಲಿ ಇನ್ನೂ ಜೀವಂತವಾಗಿದೆ. ಆ ಪದ್ಧತಿಯ ಸಾವಿರಾರು ಪದ್ಯಗಳು ಬಾಯಿಂದ ಬಾಯಿಗೆ ಬಂದವು. ಅವನ್ನು ಸಂಗ್ರಹಿಸಿ ಓದುಗರ ಕೈಗೆ ತಲುಪಿಸಿದವರಲ್ಲಿ ಮುಖ್ಯರಾದವರು ವಾಂಡೆ ಅಬಿಂಬೋಲ. 1932ರಲ್ಲಿ ಹುಟ್ಟಿದ ಅವರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಜೊತೆಗೆ ಯೊರುಬಾ ನಾಡಿನ ಹಿರಿಯ ಬಬಲಾವೊಗಳು, ಅಂದರೆ ಇಫಾ ಪುರೋಹಿತರು, ತಮ್ಮ ಪರಂಪರೆಯ ಲೋಕವಕ್ತಾರರೆಂದು 1981ರಲ್ಲಿ ಆರಿಸಿದವರು.

ತಲೆಯನ್ನು ಅವರು ಓರಿ ಎನ್ನುತ್ತಾರೆ. ಕಣ್ಣಿಗೆ ಕಾಣುವ ತಲೆಬುರುಡೆಯ ಒಳಗೆ ಇನ್ನೊಂದು ತಲೆಯಿದೆ, ಒಬ್ಬೊಬ್ಬನ ಪಾಲಿನ ಬದುಕೆಲ್ಲ ಅದರಲ್ಲಿದೆ ಎಂಬುದು ಅವರ ತಿಳಿವಳಿಕೆ. ಒಬಾತಾಲ ದೇವನು ಮಣ್ಣಿನಿಂದ ಮೈಯನ್ನು ಮಾಡುತ್ತಾನೆ, ಪರದೈವವಾದ ಒಲೊಡುಮರೆ ಅದಕ್ಕೆ ಉಸಿರು ತುಂಬುತ್ತಾನೆ, ಆಮೇಲೆ ಆ ಜೀವ ತಲೆಗಾಗಿ ಅಜಾಲನ ಮನೆಯ ದಾರಿ ಹಿಡಿಯಬೇಕು. ಆ ದಾರಿಯಲ್ಲಿ ಹೊರಟ ಮೂವರು ಗೆಳೆಯರ ಕಥೆಯೊಂದು ಇಫಾ ಪದ್ಯಗಳಲ್ಲಿದೆ. ಒರಿಸೇಕು, ಒರಿಲೇಮೆರೆ, ಅಫುವಾಪೆ ಎಂಬುದು ಅವರ ಹೆಸರು. ಎಲ್ಲಿಯೂ ನಿಲ್ಲದೆ, ಸ್ವಂತ ತಂದೆಯ ದನಿ ಕೇಳಿಸಿದರೂ ಒಳಗೆ ಹೋಗದೆ ನೇರವಾಗಿ ನಡೆಯಿರಿ ಎಂದು ಹಿರಿಯರು ಅವರಿಗೆ ಎಚ್ಚರಿಕೆ ಕೊಟ್ಟಿದ್ದರು.

ಮೊದಲಿನ ಇಬ್ಬರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಅಜಾಲನ ಮನೆಗೆ ಬಂದಾಗ ಅವನು ಸಿಗಲಿಲ್ಲ. ಕಾದರು, ಕಾದು ಸಾಕಾಗಿ ಮನೆಯವರನ್ನು ಕೇಳಿದರು, ಅವರು ಉಗ್ರಾಣ ತೋರಿಸಿದರು. ಒಳಗೆ ರಾಶಿ ರಾಶಿ ತಲೆಗಳು. ಒರಿಸೇಕು ಆಗಷ್ಟೇ ಮಾಡಿಟ್ಟ, ಇನ್ನೂ ಸುಡದ ಹೊಸ ತಲೆಯೊಂದನ್ನು ಎತ್ತಿಕೊಂಡ. ಒರಿಲೇಮೆರೆ ದೊಡ್ಡದೊಂದು ತಲೆಯನ್ನು ಆರಿಸಿದ, ಅದು ಒಡೆದಿದ್ದುದು ಅವನಿಗೆ ತಿಳಿಯಲಿಲ್ಲ. ತಲೆಗಳನ್ನು ಧರಿಸಿ ಇಬ್ಬರೂ ಭೂಮಿಗೆ ಹೊರಟರು. ಇನ್ನೇನು ಭೂಮಿ ಮುಟ್ಟಬೇಕು ಎನ್ನುವಷ್ಟರಲ್ಲಿ ಮಳೆ ಹಿಡಿಯಿತು. ಜಡಿಮಳೆಗೆ ಹಸಿಮಣ್ಣು ಕರಗಿತು, ಬಿರುಕಿನಲ್ಲಿ ನೀರಿಳಿದು ಚೂರು ಚೂರಾಗಿ ಕಳಚಿಬಿತ್ತು. ಸವೆದ ತಲೆ ಹೊತ್ತು ಭೂಮಿಗೆ ಬಂದವರು ವರ್ಷಗಟ್ಟಲೆ ದುಡಿದರು, ದುಡಿದದ್ದು ಕೈಯಲ್ಲಿ ನಿಲ್ಲಲಿಲ್ಲ. ಕೊನೆಗೆ ಇಫಾ ಕೇಳಿಸಿದಾಗ ಬಬಲಾವೊಗಳು ಕೊಟ್ಟ ಉತ್ತರ ಇಷ್ಟು: ದಾರಿಯಲ್ಲಿ ನಿಮ್ಮ ಮೇಲೆ ಮಳೆ ಸುರಿಯಿತಲ್ಲ, ಇಷ್ಟು ಕಾಲ ನೀವು ಗಳಿಸಿದ್ದೆಲ್ಲ ಆ ಮಳೆಯಲ್ಲಿ ಸವೆದ ತಲೆಯ ರಿಪೇರಿಗೇ ಹೋಗಿದೆ.

ಅಫುವಾಪೆ ಮಾತ್ರ ಹಿರಿಯರ ಎಚ್ಚರಿಕೆಯನ್ನು ಮೀರಿ ತನ್ನ ತಂದೆ, ಜ್ಞಾನದ ದೇವನಾದ ಒರುನ್ಮಿಲನ ಮನೆಯೊಳಗೆ ಹೋಗಿದ್ದ. ಅಲ್ಲಿದ್ದ ಬಬಲಾವೊಗಳು ಇಫಾ ನೋಡಿ, ಉಪ್ಪು ಮತ್ತು ಕವಡೆಗಳನ್ನು ಅರ್ಪಿಸಲು ಹೇಳಿ, ಅದರಲ್ಲಿ ಒಂದಿಷ್ಟನ್ನು ಅವನ ಕೈಗೇ ಹಿಂದಿರುಗಿಸಿ ಕಳಿಸಿದರು. ಮುಂದೆ ದಾರಿಯಲ್ಲಿ ಬಾಗಿಲು ಕಾಯುವ ಮುದುಕನೊಬ್ಬ ಸಾರು ಕುದಿಸುತ್ತಿದ್ದ, ಉಪ್ಪಿನ ಬದಲು ಅದಕ್ಕೆ ಬೂದಿ ಹಾಕುತ್ತಿದ್ದ. ಅಫುವಾಪೆ ತನ್ನಲ್ಲಿದ್ದ ಉಪ್ಪು ತೆಗೆದು ಹಾಕಿದ. ಅಂಥ ರುಚಿಯನ್ನು ಹುಟ್ಟಿದಾರಭ್ಯ ಕಾಣದ ಮುದುಕ ಸಂತೋಷದಿಂದ ಎದ್ದು ಅವನನ್ನು ತಾನೇ ಅಜಾಲನ ಮನೆಗೆ ಕರೆದುಕೊಂಡು ಹೋದ. ಅಲ್ಲಿ ಸಾಲ ವಸೂಲಿಗೆ ಬಂದವನು ಕೂಗಾಡುತ್ತಿದ್ದ, ಅಜಾಲ ಅಟ್ಟದಲ್ಲಿದ್ದ. ಅಫುವಾಪೆ ಕವಡೆ ಎಣಿಸಿ ಕೊಟ್ಟು ಸಾಲ ತೀರಿಸಿದ ಮೇಲೆ ಅಜಾಲ ಕೆಳಗಿಳಿದು ಬಂದ, ಉಗ್ರಾಣಕ್ಕೆ ಕರೆದೊಯ್ದ, ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸು ಬೆರಳ ಗಿಣ್ಣಿನಿಂದ ತಟ್ಟಿ ಸದ್ದು ಕೇಳುವ ಹಾಗೆ ಕಬ್ಬಿಣದ ಸಲಾಕೆಯಿಂದ ಒಂದೊಂದನ್ನೇ ಪರೀಕ್ಷಿಸಿ ಗಟ್ಟಿಯಾದ ತಲೆಯನ್ನು ಹುಡುಕಿಕೊಟ್ಟ. ಅವನ ಮೇಲೂ ಅದೇ ಮಳೆ ಸುರಿಯಿತು, ತಲೆ ಕರಗಲಿಲ್ಲ.

ಆಮೇಲೆ ಭೂಮಿಯ ಮೇಲೆ ಅವನ ಏಳಿಗೆಯನ್ನು ಕಂಡು ಇಬ್ಬರು ಗೆಳೆಯರೂ ಅಳುತ್ತಾ ಹಾಡುತ್ತಾರೆ. ಒಳ್ಳೆಯ ತಲೆಯವರು ತಮ್ಮ ತಲೆಯನ್ನು ಎಲ್ಲಿಂದ ತಂದರೋ ನನಗೆ ತಿಳಿಯದು, ತಿಳಿದಿದ್ದರೆ ನಾನೂ ಅಲ್ಲಿಗೇ ಹೋಗುತ್ತಿದ್ದೆ ಎಂಬುದು ಅವರ ಹಾಡು. ಅಫುವಾಪೆಯ ಉತ್ತರ: ನಾವೆಲ್ಲರೂ ತಂದದ್ದು ಒಂದೇ ಕಡೆಯಿಂದ, ಪಾಲು ಮಾತ್ರ ಒಂದೇ ಆಗಲಿಲ್ಲ.

ಪದವಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ಹಾಡನ್ನು ಬೇರೆ ಮಾತುಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಫಲಿತಾಂಶದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ ಹುಡುಗಿಯೊಬ್ಬಳು, ಮೊಬೈಲಿನಲ್ಲಿ ಗೆಳತಿಯ ಸ್ಟೇಟಸ್ ತೋರಿಸುತ್ತಾ, "ಮೇಡಂ, ಇಬ್ಬರೂ ಒಂದೇ ಬೆಂಚಲ್ಲಿ ಕೂತವರು, ಒಂದೇ ನೋಟ್ಸ್ ಓದಿದವರು, ಅವಳಿಗೆ ಹೇಗೆ ಆಯ್ತು, ನನಗೆ ಯಾಕೆ ಆಗಲಿಲ್ಲ?" ಎಂದು ಕೇಳಿದ್ದಳು. ಆ ಪ್ರಶ್ನೆಯಲ್ಲಿ ಹೊಟ್ಟೆಕಿಚ್ಚಿಗಿಂತ ದಿಗ್ಭ್ರಮೆಯೇ ಹೆಚ್ಚಾಗಿತ್ತು. ಇನ್ನಷ್ಟು ಕಷ್ಟಪಡು ಎಂದು ಹೇಳಿದರೆ ಅವಳು ಪಟ್ಟ ಕಷ್ಟವನ್ನು ಅವಮಾನಿಸಿದಂತೆ, ಎಲ್ಲ ಅದೃಷ್ಟ ಎಂದರೆ ಮುಂದಿನ ದಿನಗಳ ಬಾಗಿಲನ್ನೇ ಮುಚ್ಚಿದಂತೆ. ನಮ್ಮ ಕಾಲಕ್ಕೆ ಈ ಎರಡು ಉತ್ತರಗಳನ್ನು ಬಿಟ್ಟರೆ ಬೇರೆ ಗೊತ್ತಿಲ್ಲ ಎನ್ನುವುದೇ ನನ್ನ ಸಂಕಟ. ಗೆದ್ದವನು ಎಲ್ಲವನ್ನೂ ತಾನೇ ಸಾಧಿಸಿದೆ ಎನ್ನುತ್ತಾನೆ, ಸೋತವನು ತನ್ನ ತಪ್ಪೆಂದು ಕುಗ್ಗುತ್ತಾನೆ ಅಥವಾ ಲೋಕವನ್ನೆಲ್ಲ ಶಪಿಸುತ್ತಾನೆ. ಇವರಿಬ್ಬರಿಗೂ ಅಜಾಲನ ಕಥೆಯಲ್ಲಿ ಹೇಳುವ ಮಾತಿದೆ.

ಗೆದ್ದವನಿಗೆ ಅದು ಹೇಳುವುದೇನು? ಅಫುವಾಪೆ ಜಾಣನಾಗಿದ್ದರಿಂದ ಒಳ್ಳೆಯ ತಲೆ ಸಿಕ್ಕಿತೆಂದು ಕಥೆ ಎಲ್ಲೂ ಹೇಳುವುದಿಲ್ಲ. ತಲೆಗಳ ಒಳಗನ್ನು ನೋಡುವ ಕಣ್ಣು ಅವನಿಗೂ ಇರಲಿಲ್ಲ. ಅವನ ಕೈಯಲ್ಲಿದ್ದ ಉಪ್ಪು ತಂದೆಯ ಮನೆಯದು, ದಾರಿ ತೋರಿಸಿದವನು ಮುದುಕ, ತಲೆಯನ್ನು ತಟ್ಟಿ ನೋಡಿದವನು ಅಜಾಲ. ಅವನದೇ ಎನ್ನಬಹುದಾದದ್ದು ಬೂದಿ ತಿನ್ನುತ್ತಿದ್ದ ಮುದುಕನ ಪಾತ್ರೆಗೆ ಉಪ್ಪು ಹಾಕಿದ್ದು ಮತ್ತು ಪರರ ಸಾಲವನ್ನು ತೀರಿಸಿದ್ದು. ತನಗೆ ಬೇಕಾದ್ದನ್ನು ಹುಡುಕುತ್ತ ಹೊರಟವನು ನಡುದಾರಿಯಲ್ಲಿ ಇನ್ನೊಬ್ಬನ ಕೊರತೆಯನ್ನು ಗಮನಿಸಿದ. ಅವನ ಭಾಗ್ಯ ಬಂದದ್ದು ಆ ಗಮನದ ಮೂಲಕ. ಸೋತವನಿಗೆ ಕಥೆ ಹೇಳುವುದು ಇನ್ನೂ ಮುಖ್ಯವಾದ ಮಾತು: ಇಷ್ಟು ವರ್ಷ ನೀನು ದುಡಿದದ್ದು ವ್ಯರ್ಥವಾಗಿಲ್ಲ, ಅದು ನಿನ್ನ ತಲೆಯ ಬಿರುಕನ್ನು ಮುಚ್ಚಲು ಹೋಗಿದೆ, ತಲೆ ಪೂರ್ತಿಯಾದ ಮೇಲೆ ಗಳಿಕೆ ನಿಲ್ಲುತ್ತದೆ. ಬಡತನದಲ್ಲಿ, ಹಿಂಸೆಯ ಮನೆಯಲ್ಲಿ, ಪ್ರೀತಿಯಿಲ್ಲದ ಬಾಲ್ಯದಲ್ಲಿ ಬೆಳೆದು ನಲವತ್ತರ ವಯಸ್ಸಿಗೆ ಬಂದರೂ ಏನೂ ಮಾಡಲಿಲ್ಲವೆಂದು ತಮ್ಮನ್ನು ಹಳಿದುಕೊಳ್ಳುವವರನ್ನು ನಾನು ಬಲ್ಲೆ. ಮನಸ್ಸನ್ನು ಒಂದು ನೆಲೆಗೆ ತಂದು ನಿಲ್ಲಿಸುವುದಕ್ಕೇ ಅವರ ಅರ್ಧ ಆಯಸ್ಸಿನ ದುಡಿಮೆ ಖರ್ಚಾಗಿದೆ. ಲೋಕದ ಲೆಕ್ಕಪುಸ್ತಕದಲ್ಲಿ ಆ ದುಡಿಮೆಗೆ ಕಾಲಂ ಇಲ್ಲ. ಯೊರುಬಾ ಪುರಾಣದಲ್ಲಿ ಇದೆ.

ನಮ್ಮ ಕಡೆಯ ಹಣೆಬರಹದ ಕಲ್ಪನೆಯೊಂದಿಗೆ ಇದನ್ನು ಹೋಲಿಸಿ ನೋಡುವ ಆಸೆ ಕನ್ನಡದ ಓದುಗರಿಗೆ ಆಗುವುದು ಸಹಜ. ಹುಟ್ಟಿದ ಆರನೆಯ ರಾತ್ರಿ ವಿಧಿ ಬಂದು ಬರೆದು ಹೋಗುವ ಬರಹದಲ್ಲಿ ನಮ್ಮ ಕೈವಾಡವಿಲ್ಲ, ಅಳಿಸುವ ದಾರಿಯೂ ಕಡಿಮೆ. ಓರಿ ಹಾಗಲ್ಲ. ಅದನ್ನು ತಂದವರು ನಾವೇ, ಆದರೆ ತಂದ ನೆನಪು ನಮಗಿಲ್ಲ. ತರುವಾಗ ಪೂರ್ತಿ ತಿಳಿದು ತಂದದ್ದೂ ಅಲ್ಲ. ಹೊಣೆ ನಮ್ಮದು, ಅಪರಾಧ ನಮ್ಮದಲ್ಲ ಎಂಬ ಈ ನಡುವಿನ ನೆಲೆ ಬಹಳ ಸೂಕ್ಷ್ಮವಾದದ್ದು. ಮದುವೆ, ಉದ್ಯೋಗ, ಊರು ಬಿಟ್ಟು ಹೋಗುವುದು, ಊರಿಗೆ ಮರಳುವುದು ಎಂದು ನಾವು ಮಾಡುವ ದೊಡ್ಡ ಆಯ್ಕೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಆಗುತ್ತವೆ: ಒಳಗೇನಿದೆ ಎಂದು ಕಾಣದ ಉಗ್ರಾಣದಲ್ಲಿ, ಕಾದು ಸುಸ್ತಾದ ಹೊತ್ತಿನಲ್ಲಿ.

ಆಯ್ದುಕೊಂಡದ್ದು ಎಂಥದ್ದು ಎಂದು ತಿಳಿಯಲು ಯೊರುಬಾ ಜನ ಇಫಾ ಕೇಳಿಸುತ್ತಾರೆ. ಇಫಾ ಕ್ರಮವನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯೆಂದು ಘೋಷಿಸಿ 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿದೆ. ಬಬಲಾವೊ ಚಾಪೆಯ ಮೇಲೆ ಕುಳಿತು, ಕೆತ್ತನೆಯ ಮರದ ಹಲಗೆಯ ಮೇಲೆ ಮರದ ನಯವಾದ ಪುಡಿಯನ್ನು ಹರಡುತ್ತಾನೆ. 16 ಎಣ್ಣೆತಾಳೆ ಬೀಜಗಳನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಎಲ್ಲವನ್ನೂ ಒಮ್ಮೆಲೆ ಬಾಚಿಕೊಳ್ಳಲು ನೋಡುತ್ತಾನೆ. ಒಂದು ಬೀಜ ಉಳಿದರೆ ಪುಡಿಯಲ್ಲಿ ಎರಡು ಗೀರು, ಎರಡು ಉಳಿದರೆ ಒಂದು ಗೀರು, ಬೇರೇನೇ ಆದರೂ ಲೆಕ್ಕಕ್ಕಿಲ್ಲ, ಮತ್ತೆ ಬಾಚಬೇಕು. ಹೀಗೆ ನಾಲ್ಕು ನಾಲ್ಕರಂತೆ ಎರಡು ಸಾಲು ತುಂಬಿದಾಗ ಒಂದು ಓಡು, ಅಂದರೆ ಒಂದು ಆಕೃತಿ, ಸಿದ್ಧವಾಗುತ್ತದೆ. ಅಂಥವು ಒಟ್ಟು 256. ಒಂದೊಂದಕ್ಕೂ ಸೇರಿದ ಪದ್ಯಗಳನ್ನು ಬಾಯಿಪಾಠ ಮಾಡಲು ವರ್ಷಗಳು ಬೇಕು.

ಇದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಒಂದು ಅಂಶವಿದೆ. 1930ರ ದಶಕದಲ್ಲಿ ಯೊರುಬಾ ನಗರವಾದ ಇಫೆಗೆ ಹೋಗಿ ಇಫಾ ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ವಿಲಿಯಂ ಬ್ಯಾಸ್ಕಮ್ ಅವರ ಬರಹಗಳಿಂದ ಅದು ನನಗೆ ತಿಳಿಯಿತು. ಬಂದವನು ತನ್ನ ಪ್ರಶ್ನೆಯನ್ನು ಬಬಲಾವೊಗೆ ಹೇಳಬೇಕಾಗಿಲ್ಲ. ಕಾಣಿಕೆಯ ನಾಣ್ಯ ಅಥವಾ ಕವಡೆಯನ್ನು ತುಟಿಯ ಹತ್ತಿರ ಹಿಡಿದು, ಅದಕ್ಕಷ್ಟೇ ಕೇಳಿಸುವಂತೆ ಪಿಸುಗುಟ್ಟಿ ಕೆಳಗಿಡುತ್ತಾನೆ. ಬಿದ್ದ ಆಕೃತಿಗೆ ಸೇರಿದ ಪದ್ಯಗಳನ್ನು ಬಬಲಾವೊ ಒಂದಾದ ಮೇಲೊಂದು ಹೇಳುತ್ತಾ ಹೋಗುತ್ತಾನೆ. ಪ್ರತಿ ಪದ್ಯವೂ ಹಿಂದೊಮ್ಮೆ ಯಾರೋ ಇಂಥ ಕಷ್ಟದಲ್ಲಿ ಇಫಾ ಕೇಳಿಸಿದ, ಹೀಗೆ ಮಾಡು ಎಂದರು, ಮಾಡಿದ ಅಥವಾ ಮಾಡಲಿಲ್ಲ, ಹೀಗಾಯಿತು ಎಂಬ ಪುಟ್ಟ ಕಥೆ. ಕೇಳುತ್ತಾ ಕುಳಿತವನು ಇದು ನನ್ನ ಮಾತು ಎಂದು ಒಂದನ್ನು ತಾನೇ ಗುರುತಿಸಬೇಕು. ಜ್ಯೋತಿಷ್ಯದಲ್ಲಾಗಲಿ ಶಾಸ್ತ್ರ ಕೇಳುವುದರಲ್ಲಾಗಲಿ ನನಗೆ ನಂಬಿಕೆ ಬಂದಿಲ್ಲ, ಇಫಾ ಭವಿಷ್ಯ ಹೇಳಬಲ್ಲದು ಎಂದು ವಾದಿಸುವ ಇಚ್ಛೆಯೂ ನನಗಿಲ್ಲ. ಆದರೆ ತನ್ನ ಸಂಕಟವನ್ನು ಯಾರ ಮುಂದೆಯೂ ಬಿಚ್ಚಿಡದೆ, ಬೇರೆಯವರ ಹಳೆಯ ಕಥೆಗಳನ್ನು ತಾಳ್ಮೆಯಿಂದ ಕೇಳುತ್ತಾ, ಅವುಗಳಲ್ಲೊಂದರಲ್ಲಿ ತನ್ನನ್ನು ತಾನು ಕಂಡುಕೊಳ್ಳುವ ಈ ಏರ್ಪಾಡು ಮನುಷ್ಯನ ಮನಸ್ಸನ್ನು ಬಲ್ಲವರು ಮಾಡಿದ್ದು ಎಂಬುದರಲ್ಲಿ ಸಂಶಯವಿಲ್ಲ. ಇಂದು ನಾವು ನಮ್ಮ ನೋವನ್ನು ಬರೆದು ಹಾಕಿದ ಮರುಕ್ಷಣ ನೂರು ಜನ ಸಲಹೆ ಕೊಡುತ್ತಾರೆ. ಆ ಸಲಹೆಗಳ ನಡುವೆ ನಮ್ಮದನ್ನು ನಾವೇ ಗುರುತಿಸುವ ಅವಕಾಶವೇ ಇರುವುದಿಲ್ಲ.

ಓರಿಯ ಬಗೆಗಿನ ಇನ್ನೊಂದು ಪದ್ಯ ನನಗೆ ಬಹಳ ಪ್ರಿಯವಾದದ್ದು. ಭಕ್ತನೊಬ್ಬ ದೂರದ ಪಯಣಕ್ಕೆ ಹೊರಟರೆ, ಸಮುದ್ರಗಳನ್ನು ದಾಟಿ ಹೋದರೂ ಹಿಂದಿರುಗದೆ ಅವನ ಜೊತೆ ಹೋಗಬಲ್ಲವರು ದೇವತೆಗಳಲ್ಲಿ ಯಾರು ಎಂದು ಒರುನ್ಮಿಲ ಕೇಳುತ್ತಾನೆ. ಗುಡುಗಿನ ದೇವ ಷಾಂಗೊ ತಾನು ಹೋಗಬಲ್ಲೆ ಎನ್ನುತ್ತಾನೆ. ನಡೆದು ನಡೆದು ನಿನ್ನ ಹಿರಿಯರ ಊರಾದ ಕೊಸೊ ಬಂತೆನ್ನು. ಅಲ್ಲಿ ಕಾಳಿನ ಸಾರು ಮಾಡಿ, ಗೆಣಸಿನ ಹಿಟ್ಟಿನ ಮುದ್ದೆ ತಿರುವಿ, ಹುಂಜ ಕೊಟ್ಟು ಉಪಚರಿಸಿದರೆ ಏನು ಮಾಡುತ್ತೀ? ಹೊಟ್ಟೆ ತುಂಬ ಉಂಡ ಮೇಲೆ ನನ್ನ ಮನೆಗೆ ಹೋಗುತ್ತೇನೆ ಎನ್ನುತ್ತಾನೆ ಷಾಂಗೊ. ಹಾಗಾದರೆ ನಿನ್ನಿಂದಾಗದು. ಗಾಳಿಯ ದೇವಿ ಒಯಾ ಬರುತ್ತಾಳೆ, ಒಬಾತಾಲ ಬರುತ್ತಾನೆ, ಒಬ್ಬೊಬ್ಬರ ಊರೂ ಅಲ್ಲಿನ ಅಚ್ಚುಮೆಚ್ಚಿನ ಊಟವೂ ಬರುತ್ತವೆ, ಉಂಡಾದ ಮೇಲೆ ಎಲ್ಲರೂ ಮನೆಗೆ ಮರಳುವವರೇ. ಜ್ಞಾನದ ದೇವನಾದ ಒರುನ್ಮಿಲನದೂ ಅದೇ ಕಥೆ. ಕಡೆಗೆ ಉಳಿಯುವುದು ತಲೆಯೊಂದೇ. ದೇವರನ್ನು ಹೀಗೆ ಊಟದ ಎಲೆಯ ಮುಂದೆ ಕೂರಿಸಿ ಅವನ ಮಿತಿಯನ್ನು ಅಕ್ಕರೆಯಿಂದ ತೋರಿಸಬಲ್ಲ ಭಕ್ತಿ ಎಷ್ಟು ಸ್ವಸ್ಥವಾದದ್ದು! ಓರಿ ಒಪ್ಪದೆ ಯಾವ ದೇವತೆಯೂ ಯಾರಿಗೂ ಏನನ್ನೂ ಕೊಡಲಾರರು ಎಂಬ ಗಟ್ಟಿ ಮಾತು ಯೊರುಬಾ ಪರಂಪರೆಯಲ್ಲಿ ಬರುವುದು ಈ ಪದ್ಯದ ಜೊತೆಯಲ್ಲೇ.

ಸಮುದ್ರ ದಾಟುವ ಆ ಮಾತು ಮುಂದೆ ಭೀಕರವಾಗಿ ನಿಜವಾಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಒಯೊ ಸಾಮ್ರಾಜ್ಯ ಕುಸಿದು ಯುದ್ಧಗಳು ಹಬ್ಬಿದಾಗ ಯೊರುಬಾ ಜನರನ್ನು ಹಿಡಿದು ಗುಲಾಮರ ಹಡಗುಗಳಲ್ಲಿ ಕ್ಯೂಬಾಕ್ಕೆ, ಬ್ರೆಜಿಲ್‌ನ ಬಾಹಿಯಾಕ್ಕೆ ಸಾಗಿಸಿದರು. ಕ್ಯೂಬಾದಲ್ಲಿ ಗುಲಾಮಗಿರಿ 1886ರಲ್ಲಿ ಕೊನೆಗೊಂಡರೆ ಬ್ರೆಜಿಲ್‌ನಲ್ಲಿ 1888ರ ತನಕ ಕಾಯಬೇಕಾಯಿತು. ಊರು, ಮನೆದೇವರ ಗುಡಿ, ಹಿರಿಯರ ಸಮಾಧಿ, ಕೊನೆಗೆ ಹೆಸರನ್ನೂ ಕಳೆದುಕೊಂಡವರು ಹೊತ್ತುಕೊಂಡು ಹೋಗಲು ಸಾಧ್ಯವಾದದ್ದು ಹೆಗಲ ಮೇಲಿನ ತಲೆಯನ್ನು. ಬಾಹಿಯಾದಲ್ಲಿ ಆಫ್ರಿಕಾ ಮೂಲದ ಕಾಂಡೊಂಬ್ಲೆ ಪಂಥದ ಮಂದಿರಗಳಲ್ಲಿ ಬೊರಿ ಎಂಬ ಆಚರಣೆ ಇಂದಿಗೂ ನಡೆಯುತ್ತದೆ. ಬಿಳಿಯ ಬಟ್ಟೆ ತೊಟ್ಟವನನ್ನು ಚಾಪೆಯ ಮೇಲೆ ಕೂರಿಸಿ, ನೀರು, ಕೋಲಾ ಕಾಯಿ, ಅಡುಗೆಯ ನೈವೇದ್ಯಗಳಿಂದ ಅವನ ತಲೆಗೆ ಉಣಿಸುತ್ತಾರೆ, ಆಮೇಲೆ ಅವನನ್ನು ವಿಶ್ರಮಿಸಲು ಬಿಡುತ್ತಾರೆ. ಸರಕಿನ ಪಟ್ಟಿಯಲ್ಲಿ ಬೆಲೆ ಬರೆಸಿಕೊಂಡಿದ್ದ ಮನುಷ್ಯನ ತಲೆಯನ್ನು ಪೂಜೆಗೆ ಅರ್ಹವೆಂದು ಸಾರುವ ಆಚರಣೆ ಅದು. ಆಳುವವರು ಅದಕ್ಕೆ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ಬಾಹಿಯಾದಲ್ಲಿ 1976ರವರೆಗೂ ಈ ಮಂದಿರಗಳು ಪೊಲೀಸರಿಂದ ಪರವಾನಗಿ ಪಡೆಯಬೇಕಾಗಿತ್ತು.

ಆದರೆ ಇಷ್ಟಕ್ಕೇ ನಿಂತರೆ ಎಲ್ಲವೂ ತಲೆಯೊಂದರಿಂದಲೇ ಆಗುತ್ತದೆ ಎಂಬ ಭಾವನೆ ಬಂದೀತು. ಇಫಾ ಅದನ್ನು ಮೊದಲೇ ಕಂಡಿದೆ. ಒಮ್ಮೆ ತಲೆಗಳೆಲ್ಲ ಸಭೆ ಸೇರಿ ದೊಡ್ಡ ದೊಡ್ಡ ಯೋಜನೆ ಹಾಕಿದವಂತೆ, ಕಾಲನ್ನು ಮಾತ್ರ ಕರೆಯಲಿಲ್ಲ. ಕಾಲಿಲ್ಲದೆ ಇದು ನಡೆಯುವುದಾದರೂ ಹೇಗೆ ನೋಡೋಣ ಎಂದ ದೇವತೆಗಳ ದೂತನಾದ ಎಷು. ಸಭೆ ಜಗಳದಲ್ಲಿ ಮುಗಿಯಿತು, ತಲೆಗಳು ಹೋಗಿ ಕಾಲನ್ನು ಕರೆತಂದ ಮೇಲೆಯೇ ಕೆಲಸ ಕೈಗೂಡಿತು. ಕಾಲೆಂದರೆ ಇಲ್ಲಿ ದುಡಿಮೆ. ಹಿಂದಿನ ಕಥೆಯಲ್ಲಿ ದುಡಿಮೆಯಿಂದ ತಲೆ ರಿಪೇರಿಯಾದದ್ದಕ್ಕೂ ಇದಕ್ಕೂ ನೇರ ಸಂಬಂಧವಿದೆ.

ಸಭೆಗೆ ಕರೆಯದೆ ಬಿಟ್ಟವರ ಇನ್ನೂ ದೊಡ್ಡ ಕಥೆ ಓಶುನ್ ದೇವಿಯದು. ಭೂಮಿಯನ್ನು ನೆಲೆಗೊಳಿಸಲು ಒಲೊಡುಮರೆ ಕಳಿಸಿದ 17 ಮಂದಿಯಲ್ಲಿ 16 ಗಂಡುದೇವತೆಗಳು, ಅವಳೊಬ್ಬಳೇ ಹೆಣ್ಣು. ಅವರು ತಮ್ಮ ತಮ್ಮ ಬನಗಳನ್ನು ಕಡಿದು ಹಸನುಮಾಡಿಕೊಂಡರು, ಅವಳನ್ನು ಒಂದು ಮಾತೂ ಕೇಳಲಿಲ್ಲ. ಮಳೆ ಬರಲಿಲ್ಲ, ಮಾಡಿದ್ದೊಂದೂ ಫಲಿಸಲಿಲ್ಲ. ದೂರು ತೆಗೆದುಕೊಂಡು ಮರಳಿದಾಗ ಒಲೊಡುಮರೆ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಜೊತೆಗಿದ್ದ ಆ ಹೆಂಗಸು ಎಲ್ಲಿ? ಅವಳ ಕ್ಷಮೆ ಕೇಳಿ ಬನ್ನಿ. ಓಶುನ್ ಒಂದು ನದಿಯೂ ಹೌದು. ಒಸೊಗ್ಬೊ ನಗರದ ಅಂಚಿನಲ್ಲಿ ಆ ನದಿಯ ದಂಡೆಯ ಸುಮಾರು 75 ಹೆಕ್ಟೇರಿನ ದೇವರಕಾಡನ್ನು ಯುನೆಸ್ಕೊ 2005ರಲ್ಲಿ ವಿಶ್ವಪರಂಪರೆಯ ತಾಣವೆಂದು ಗುರುತಿಸಿತು. 1950ರಲ್ಲಿ ನೈಜೀರಿಯಾಕ್ಕೆ ಬಂದು 2009ರಲ್ಲಿ ಅಲ್ಲಿಯೇ ತೀರಿಕೊಂಡ ಆಸ್ಟ್ರಿಯಾದ ಕಲಾವಿದೆ ಸುಸಾನ್ ವೆಂಗರ್ ಸ್ಥಳೀಯ ಶಿಲ್ಪಿಗಳೊಡನೆ ಸೇರಿ ಆ ಕಾಡನ್ನು ಉಳಿಸಲು ಜೀವ ಸವೆಸಿದರು. ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ಸಾವಿರಾರು ಜನ ಸೇರಿ ನದಿಯ ನೀರನ್ನು ತೀರ್ಥವೆಂದು ಕುಡಿಯುತ್ತಾರೆ. ಮೇಲ್ಭಾಗದ ಅಕ್ರಮ ಚಿನ್ನದ ಗಣಿಗಾರಿಕೆಯಿಂದ ಆ ನೀರು ಕೆಸರಾಗಿ, 2022ರ ಹಬ್ಬದ ಹೊತ್ತಿಗೆ ಅದನ್ನು ಕುಡಿಯಬೇಡಿ ಎಂದು ಭಕ್ತರಿಗೆ ಸರ್ಕಾರವೇ ಎಚ್ಚರಿಸಬೇಕಾಯಿತು. ಅವಳನ್ನು ಕೇಳದೆ ಮಾಡಿದ ಕೆಲಸ ಏನಾಗುತ್ತದೆ ಎಂದು ಪುರಾಣ ಹೇಳಿತ್ತೋ ಅದು ಅವಳ ನೀರಿನಲ್ಲಿಯೇ ಕಾಣುತ್ತಿದೆ. ಪುರಾಣವನ್ನು ಪೂಜಿಸುತ್ತಲೇ ಅದರ ಮಾತನ್ನು ಮರೆಯುವುದು ಎಷ್ಟು ಸುಲಭ ಎಂದು ನನಗೆ ಗಾಬರಿಯಾಗುತ್ತದೆ.

ತಲೆಯನ್ನು ಕಾಯುವುದು ಏನು ಎಂಬುದಕ್ಕೂ ಒಂದು ಕಥೆಯಿದೆ. ಶೀಲವೇ ಒಬ್ಬ ಹೆಣ್ಣಾಗಿ, ಇವಾ ಎಂಬ ಹೆಸರಿನಲ್ಲಿ, ಒರುನ್ಮಿಲನ ಹೆಂಡತಿಯಾಗಿದ್ದಳು. ಅವಳು ಸಹನೆಯ ಮಗಳು. ಸಹನೆ ಒಲೊಡುಮರೆಯ ಚೊಚ್ಚಲ ಸಂತಾನ. ಒರುನ್ಮಿಲ ಅವಳನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲ, ಅವಳು ಮನೆ ಬಿಟ್ಟಳು. ಅವಳು ಹೋದದ್ದೇ ತಡ, ಅವನ ಬಳಿಗೆ ಬರುವವರು ನಿಂತರು, ಮಾತಿನ ತೂಕ ಹೋಯಿತು. ಜ್ಞಾನದ ದೇವನಾದವನು ವೇಷ ಕಟ್ಟಿಕೊಂಡು ಮನೆ ಮನೆಯ ಬಾಗಿಲಲ್ಲಿ ಇವಾ ಎಲ್ಲಿ ಎಂದು ಹಾಡುತ್ತಾ ಅಲೆಯಬೇಕಾಯಿತು. ಎಷ್ಟು ತಿಳಿದವನಾದರೂ ಶೀಲ ಮನೆ ಬಿಟ್ಟ ಮೇಲೆ ತಿಳಿವಳಿಕೆ ಕೈಹಿಡಿಯುವುದಿಲ್ಲ ಎಂಬ ಕಥೆಯ ಮಾತು ನನ್ನಂಥ ಓದಿಕೊಂಡವರನ್ನು ಉದ್ದೇಶಿಸಿಯೇ ಆಡಿದ್ದು ಎಂದು ನಾನು ತಿಳಿದಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಕಾಡುತ್ತದೆ. ಯುದ್ಧದ ನಡುವೆ ಹುಟ್ಟಿದ ಮಗುವಿಗೆ, ಹುಟ್ಟುತ್ತಲೇ ಗುಣವಾಗದ ಕಾಯಿಲೆ ಹೊತ್ತ ಮಗುವಿಗೆ, ನಿನ್ನ ತಲೆಯನ್ನು ನೀನೇ ಆರಿಸಿಕೊಂಡೆ ಎಂದು ಹೇಳುವ ಬಾಯಿ ಯಾರಿಗಿದೆ? ಆಯ್ಕೆಯ ಮಾತನ್ನು ಅಲ್ಲಿಯವರೆಗೆ ಎಳೆದರೆ ಅದು ಕ್ರೌರ್ಯವಾಗುತ್ತದೆ, ನೊಂದವರ ಮೇಲೆಯೇ ನೋವಿನ ಹೊಣೆ ಹೊರಿಸುವ ಸುಲಭದ ದಾರಿಯಾಗುತ್ತದೆ. ನಮ್ಮಲ್ಲಿ ಪೂರ್ವಜನ್ಮದ ಕರ್ಮದ ಮಾತನ್ನು ಹೀಗೆ ಬಳಸುವುದನ್ನು ನೋಡಿ ಬೇಸತ್ತವಳು ನಾನು. ಯೊರುಬಾ ಪುರಾಣವೂ ಇದೇ ಹಳ್ಳಕ್ಕೆ ಬೀಳುತ್ತದೆಯೇ ಎಂದು ಹುಡುಕುತ್ತಾ ಹೋದಾಗ ನನಗೆ ಎದುರಾದದ್ದು ಒಬಾತಾಲನ ಕಥೆ.

ಮೈಗಳನ್ನು ರೂಪಿಸುವ ಒಬಾತಾಲ ಒಂದು ದಿನ ಬಾಯಾರಿ ತಾಳೆಯ ಹೆಂಡ ಕುಡಿದ. ಮತ್ತೇರಿತು, ಕೈ ನಡುಗಿತು, ಆದರೂ ಕೆಲಸ ನಿಲ್ಲಿಸಲಿಲ್ಲ. ಬೆನ್ನು ಬಾಗಿದವರು, ಕೈಕಾಲು ಸೊಟ್ಟಗಾದವರು, ಕಣ್ಣು ಕಾಣದವರು, ಮೈಯಲ್ಲಿ ಬಣ್ಣವಿಲ್ಲದವರು ಆ ದಿನ ಅವನ ಕೈಯಿಂದ ಹೊರಬಂದರು. ಮತ್ತಿಳಿದ ಮೇಲೆ ತಾನು ಮಾಡಿದ್ದನ್ನು ಕಂಡು ಒಬಾತಾಲ ಮರುಗಿದ. ಆ ಮೈಗಳಲ್ಲಿ ಹುಟ್ಟಿದವರು ತಪ್ಪು ಮಾಡಿದರೆಂದು ಈ ಕಥೆ ಹೇಳುವುದಿಲ್ಲ, ಅವರು ಪಾಪದ ಫಲ ಉಣ್ಣುತ್ತಿದ್ದಾರೆಂದೂ ಹೇಳುವುದಿಲ್ಲ. ತಪ್ಪು ದೇವರದು ಎಂದು ನೇರವಾಗಿ ಹೇಳುತ್ತದೆ. ಸೃಷ್ಟಿಕರ್ತನೊಬ್ಬ ತನ್ನ ಸೃಷ್ಟಿಯ ಮುಂದೆ ತಲೆ ತಗ್ಗಿಸಿ ನಿಲ್ಲುವ ಇಂಥ ಕಥೆಗಳು ನಾನು ಓದಿದ ಪುರಾಣಗಳಲ್ಲಿ ಬಹಳ ಕಡಿಮೆ. ಇನ್ನು ಮುಂದೆ ಹೆಂಡ ಮುಟ್ಟುವುದಿಲ್ಲವೆಂದು ಒಬಾತಾಲ ಆಣೆ ಇಟ್ಟ, ಅವರೆಲ್ಲ ತನ್ನವರು, ಅವರನ್ನು ಕಾಯುವುದು ತನ್ನ ಹೊಣೆ ಎಂದು ಒಪ್ಪಿಕೊಂಡ. ಯೊರುಬಾ ನಾಡಿನಲ್ಲಿ ಅಂಥವರನ್ನು ಇಂದಿಗೂ ಒರಿಷಾನ ಜನ, ಎಂದರೆ ದೇವರ ಜನ, ಎಂದು ಕರೆಯುತ್ತಾರೆ; ಅವರನ್ನು ಹಂಗಿಸುವುದು ಒಬಾತಾಲನನ್ನೇ ಹಂಗಿಸಿದಂತೆ. ಅವನ ಒಕ್ಕಲಿನವರು ಬಿಳಿಯ ಬಟ್ಟೆ ತೊಡುತ್ತಾರೆ, ತಮ್ಮ ದೇವರ ಆಣೆಯನ್ನು ತಾವೂ ನಡೆಸುತ್ತಾ ತಾಳೆಯ ಹೆಂಡವನ್ನು ಬಾಯಿಗಿಡುವುದಿಲ್ಲ.